ಮೊಂಡನ ಬಾಲ

ಹದಿನಾಲ್ಕನೇ ಪಂಜರದ ಇಲಿಗೆ ಬಾಲವೇ ಇರಲಿಲ್ಲ. ಹೆಬ್ಬೆರಳಗಲದ ಒಂದು ಮೋಟು ಇತ್ತು, ಅಷ್ಟೇ. ಬಲಗಿವಿ ನಡುವೆ ಸೀಳಿತ್ತು.

ಸೋಂಕು ಇದೆ ಎನ್ನುವ ಕೆಂಪು ಚೀಟಿ ಅಂಟಿಸಲು ಬಂದ ಪ್ರಯೋಗಾಲಯದ ಟೆಕ್ನಿಷಿಯನ್ ಹಾಗೇ ನಿಂತುಬಿಟ್ಟಳು. ಇಲಿಗಳ ಕೋಣೆಗೆ ಅವಳು ಬರುವುದೇ ಅಪರೂಪ. ರಕ್ತ ತೆಗೆಯುವುದು ಪಶುವೈದ್ಯರ ಕೆಲಸ. ಅವಳ ಮೇಜಿಗೆ ಬರುವುದು ನಂಬರು ಬರೆದ ಟ್ಯೂಬುಗಳು ಮಾತ್ರ. ಈ ಸಲ ಇಪ್ಪತ್ತನಾಲ್ಕು ಟ್ಯೂಬು ಬಂದಿದ್ದವು. ಒಂದರಿಂದ ಹನ್ನೆರಡರವರೆಗೆ ಧಾನ್ಯದ ಗೋದಾಮಿನಲ್ಲಿ ಹಿಡಿದ ಇಲಿಗಳು, ಉಳಿದವು ಬಸ್ ಡಿಪೋದವು. ಹದಿನಾಲ್ಕು, ಹದಿನೇಳು, ಇಪ್ಪತ್ತೊಂದರಲ್ಲಿ ಇಲಿ ಜ್ವರದ ಸೋಂಕು ಪತ್ತೆಯಾಗಿತ್ತು. ಮೂರೂ ಡಿಪೋದವು. ಗೋದಾಮು ಪರಿಶುದ್ಧ.

ಅದನ್ನು ನೋಡಿ ಬೆಳಿಗ್ಗೆ ಅವಳಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಗಿತ್ತು. ಅವಳ ತಮ್ಮ ಮೂಟೆ ಹೊರುವುದು ಅದೇ ಗೋದಾಮಿನಲ್ಲಿ.

ಆದರೆ ಈ ಮೋಟು ಬಾಲದ ಕಥೆಯನ್ನು ಅವಳು ಎರಡು ತಿಂಗಳಿಂದ ಊಟದ ಹೊತ್ತಿಗೆ ಕೇಳುತ್ತಿದ್ದಳು. ಗೋದಾಮಿನ ಶಟರ್ ಎಳೆಯುವಾಗ ತಮ್ಮನೇ ಒಂದು ಇಲಿಯ ಬಾಲ ಕತ್ತರಿಸಿ ಹಾಕಿದ್ದ, ಕಿವಿಯೂ ಸೀಳಿತ್ತು. ಅದಕ್ಕೆ 'ಮೊಂಡ' ಎಂದು ಹೆಸರಿಟ್ಟು, ಅದು ಡಬ್ಬಿಯ ಮೇಲೆ ಕೂತಿತು, ಲೋಟ ಉರುಳಿಸಿತು ಎಂದು ದಿನಾ ವರದಿ ಒಪ್ಪಿಸುತ್ತಿದ್ದ.

ಮೊಂಡ ಗೋದಾಮಿನವನು. ಪಂಜರದ ಕಾರ್ಡು ಮಾತ್ರ ಡಿಪೋ ಎನ್ನುತ್ತಿತ್ತು.

"ಅಣ್ಣ, ಈ ಕಾರ್ಡು ಹಾಕಿದ್ದು ಯಾರು?" ಎಂದು ಪಂಜರ ನೋಡಿಕೊಳ್ಳುವ ಮುದುಕನನ್ನು ಕೇಳಿದಳು.

"ನಾನೇ ಮೇಡಮ್. ಯಾಕೆ, ಸೊಟ್ಟ ಇದೆಯಾ?"

"ಸೊಟ್ಟ ಇಲ್ಲ. ಯಾವಾಗ ಹಾಕಿದ್ರಿ?"

"ಇನ್‌ಸ್ಪೆಕ್ಷನ್ ದಿನ. ರಕ್ತ ತೆಗೆಯೋಕೆ ಎರಡು ದಿನ ಮುಂಚೆ." ಮುದುಕ ಹೆಮ್ಮೆಯಿಂದ ಹತ್ತಿರ ಬಂದ. "ಸ್ಟ್ಯಾಂಡು ತೊಳೆಯೋಕೆ ಪಂಜರ ಎಲ್ಲಾ ಕೆಳಗಿಳಿಸಿದೆ. ನೀರು ಸಿಡಿದು ಕಾರ್ಡು ಹಾಳಾಗಬಾರದಲ್ವಾ? ಬಿಚ್ಚಿ ಜೇಬಿಗೆ ಹಾಕ್ಕೊಂಡೆ. ಆಮೇಲೆ ಕೈಗೆ ಸಿಕ್ಕಿದ ಪಂಜರ ಮೇಲಿಟ್ಟು, ಕಾರ್ಡು ಒಂದು, ಎರಡು, ಮೂರು ಅಂತ ಸಾಲಾಗಿ ಹಾಕಿದೆ. ಸಾಹೇಬ್ರು ನೋಡಿ ಭೇಷ್ ಅಂದ್ರು."

ಅಂದರೆ ಯಾವ ಇಲಿ ಎಲ್ಲಿಯದೆಂದು ಈಗ ಯಾವ ನಂಬರೂ ಹೇಳುವಂತಿರಲಿಲ್ಲ. ಬೈಯುವುದಾದರೂ ಯಾರನ್ನು? ಇಲಿಯ ಕಿವಿಗೆ ಹಾಕುವ ಲೋಹದ ಬಿಲ್ಲೆ ಬೇಕೆಂದು ಆರು ತಿಂಗಳಲ್ಲಿ ನಾಲ್ಕು ಪತ್ರ ಬರೆದಿದ್ದವಳು ಅವಳೇ. 'ಸದ್ಯಕ್ಕೆ ಕಾರ್ಡಿನಲ್ಲಿ ನಿಭಾಯಿಸಿ' ಎಂದು ಬಂದ ಉತ್ತರ ಅವಳ ಫೈಲಿನಲ್ಲೇ ಇತ್ತು.

ಇನ್ನೊಂದು ದಾರಿ ಉಳಿದಿತ್ತು. ಇಲಿ ಬಂದ ದಿನವೇ ಅದರ ಗಂಡು ಹೆಣ್ಣು, ತೂಕ, ಬಾಲದ ಉದ್ದ ಎಲ್ಲವನ್ನೂ ಬೋನು ಇಡುವವನು ರಿಜಿಸ್ಟರಿನಲ್ಲಿ ಬರೆಯಬೇಕು. ಇಲಿಗಳು ಬಂದು ಹತ್ತು ದಿನವಾಗಿತ್ತು; ಅಷ್ಟರಲ್ಲಿ ತೂಕ ಬದಲಾದೀತು, ಬಾಲ ಬದಲಾಗದು. ಗೋದಾಮಿನ ಹನ್ನೆರಡರಲ್ಲಿ ಒಂದಕ್ಕೆ ಮೋಟು ಬಾಲ ಎಂದಿದ್ದರೆ ಸಾಕು. ಅವಳು ಓಡಿಹೋಗಿ ಪುಟ ತೆರೆದಳು.

ಮೊದಲನೇ ಇಲಿ: ಬಾಲ ಹದಿನೇಳು ಸೆಂಟಿಮೀಟರ್. ಎರಡನೆಯದರಿಂದ ಇಪ್ಪತ್ತನಾಲ್ಕನೆಯದರವರೆಗೆ: ಮೇಲಿನಂತೆ, ಮೇಲಿನಂತೆ, ಮೇಲಿನಂತೆ.

ರಿಜಿಸ್ಟರು ಹಿಡಿದುಕೊಂಡೇ ಅವಳು ಆರೋಗ್ಯಾಧಿಕಾರಿಯ ಕೋಣೆಗೆ ನುಗ್ಗಿದಳು. ಡಿಪೋದ ಕ್ಯಾಂಟೀನು ಮುಚ್ಚುವ ಆದೇಶ ಟೈಪಾಗಿ ಸಹಿಗೆ ಕಾದಿತ್ತು. ಅವಳು ಹೇಳಿದ್ದನ್ನೆಲ್ಲ ಆತ ಪೆನ್ನಿನ ಮುಚ್ಚಳ ತೆಗೆಯುತ್ತ, ಹಾಕುತ್ತ ಕೇಳಿದ.

"ನೋಡಮ್ಮ, ಈ ರಿಜಿಸ್ಟರ್ ಪ್ರಕಾರ ಬಾಲವಿಲ್ಲದ ಇಲಿ ನಮ್ಮಲ್ಲಿ ಇಲ್ಲವೇ ಇಲ್ಲ."

"ಇದೆ ಸರ್. ಬನ್ನಿ, ತೋರಿಸ್ತೀನಿ."

"ಇರಬಹುದು. ಅದು ಗೋದಾಮಿಂದು ಅನ್ನೋಕೆ ಆಧಾರ?"

"ನನ್ನ ತಮ್ಮ ಸರ್. ಅದರ ಬಾಲ ಹೋಗಿದ್ದೇ ಅವನ ಕೈಯಲ್ಲಿ."

"ನಿನ್ನ ತಮ್ಮ ದಾಖಲೆ ಅಲ್ಲಮ್ಮ." ಆತ ಆದೇಶವನ್ನು ಎರಡಾಗಿ ಹರಿದ. "ಈಗ ಡಿಪೋ ಕ್ಯಾಂಟೀನೂ ಮುಚ್ಚೋ ಹಾಗಿಲ್ಲ. ಎರಡೂ ಕಡೆ ಹೊಸದಾಗಿ ಬೋನು ಇಡಿಸ್ತೀನಿ. ಮೂರು ವಾರ."

"ಮೂರು ವಾರ ಗೋದಾಮಲ್ಲಿ ಜನ ಬರಿಗಾಲಲ್ಲಿ ಓಡಾಡ್ತಾರೆ ಸರ್! ಇಲಿಯ ಮೂತ್ರ ಬಿದ್ದ ನೀರು, ಕಾಲಲ್ಲಿ ಒಂದು ಗಾಯ ಇದ್ರೆ ಸಾಕು."

"ಸರಿಯಾಗಿ ಗುರುತು ಹಾಕಿದ ಇಲಿ ತಗೊಂಡು ಬಾ. ಇಲ್ಲ, ಅಲ್ಲಿ ಕೆಲಸ ಮಾಡೋ ಮನುಷ್ಯನಿಗೇ ಬಂದಿದೆ ಅನ್ನೋ ರಿಪೋರ್ಟ್ ತಗೊಂಡು ಬಾ. ಅವತ್ತೇ ಬೀಗ ಹಾಕಿಸ್ತೀನಿ."

ಆತ ನಿಯಮ ಹೇಳಿದ್ದ, ತಪ್ಪು ಹೇಳಿರಲಿಲ್ಲ. ಅವಳು ರಿಜಿಸ್ಟರು ಎತ್ತಿಕೊಂಡು ಹೊರಬಂದಳು.

ಮಧ್ಯಾಹ್ನದ ಬಿಡುವಿಗೆ ಅವಳು ಗೋದಾಮಿಗೆ ಹೋದಾಗ ತಮ್ಮ ಮೂಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಪಾದ ಒದ್ದೆ. ನೆಲದಲ್ಲಿ ಪೈಪು ಸೋರಿ ಕಣಕಾಲಿನವರೆಗೆ ನೀರು ನಿಂತಿತ್ತು.

"ಏನಕ್ಕ, ಇಲ್ಲಿಗೇ ಸವಾರಿ? ಮೂಟೆ ಹೊರೋಕಾ?"

"ಬೂಟು ಎಲ್ಲೋ? ಹೋದ ತಿಂಗಳು ಕೊಡಿಸಿದ್ನಲ್ಲ?"

"ಮನೇಲಿದೆ. ಹಾಕ್ಕೊಂಡ್ರೆ ಜಾರುತ್ತೆ. ಮೂಟೆ ಸಮೇತ ಬಿದ್ರೆ ನೀನು ಹೊರ್ತೀಯಾ?"

"ನಿನ್ನ ಮೊಂಡ ಎಲ್ಲಿ?"

"ಪತ್ತೆನೇ ಇಲ್ಲ. ನಿಮ್ಮವರು ಬೋನು ಇಟ್ರಲ್ಲ, ಅವತ್ತಿಂದ. ಅವನಿಲ್ಲದೆ ಊಟಾನೇ ಸೇರ್ತಿಲ್ಲ."

"ತಮಾಷೆ ಬಿಡು. ಊಟ ಯಾಕೆ ಸೇರ್ತಿಲ್ಲ?"

ಅವನು ನಗುತ್ತಲೇ ಮುಖ ತಿರುಗಿಸಿದ. ಅವಳು ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ಕಣ್ಣಿನ ಬಿಳಿ ಕೆಂಪಾಗಿತ್ತು. ಗಲ್ಲ ಬಿಸಿ.

"ಧೂಳಿಗೆ ಅಕ್ಕ."

"ಜ್ವರ ಎಷ್ಟು ದಿನದಿಂದ?"

"ಜ್ವರ ಅಲ್ಲ. ನಾಲ್ಕು ದಿನದಿಂದ ಮೈ ಒಂಥರಾ. ಮಾತ್ರೆ ನುಂಗ್ತಿದ್ದೀನಿ."

ಅವಳು ಬಗ್ಗಿ ಅವನ ಮೀನಖಂಡವನ್ನು ಮೆಲ್ಲಗೆ ಒತ್ತಿದಳು; ಇಲಿ ಜ್ವರವಾದರೆ ನೋವು ಅಲ್ಲೇ ಹೆಚ್ಚು. ಅವನು ಚೀರಿ ಕಾಲು ಎಳೆದುಕೊಂಡ. ಹಿಮ್ಮಡಿಯಲ್ಲಿ ಎರಡು ಬಿರುಕು, ಒಂದರಲ್ಲಿ ರಕ್ತ.

"ನಿನ್ನ ಮೊಂಡ ನಮ್ಮ ಪಂಜರದಲ್ಲಿದ್ದಾನೆ. ಅವನಿಗೆ ಇಲಿ ಜ್ವರದ ಸೋಂಕು ಇದೆ. ನಡಿ."

"ಇಷ್ಟು ದಿನ ಗೊತ್ತಿರಲಿಲ್ವಾ? ಅದನ್ನ ಹುಡುಕೋದೇ ಅಲ್ವಾ ನಿಮ್ಮ ಕೆಲಸ?"

ಅವಳು ಅವನ ಮಣಿಕಟ್ಟು ಹಿಡಿದು ದರದರ ಎಳೆದುಕೊಂಡು ನಡೆದಳು.

ಜ್ವರದ ವಿಭಾಗ ಅವಳ ಪ್ರಯೋಗಾಲಯದ ಆವರಣದಲ್ಲೇ ಇತ್ತು. ಡಾಕ್ಟರು ಕಣ್ಣು ನೋಡಿ, ಕಾಲು ಒತ್ತಿ, ರಿಪೋರ್ಟಿಗೆ ಕಾಯದೆ ಔಷಧಿ ಶುರು ಮಾಡಿದರು. "ಬೇಗ ಕರ್ಕೊಂಡು ಬಂದ್ರಿ, ಒಳ್ಳೇದಾಯ್ತು" ಎಂದರು. ಆ ಮಾತು ಅವಳಿಗೆ ಚುಚ್ಚಿತು. ಬೇಗ ಎಂದರೆ ಅವಳ ಲೆಕ್ಕದಲ್ಲಿ ಹತ್ತು ದಿನದ ಹಿಂದೆ, ಮೊಂಡ ಬೋನಿಗೆ ಬಿದ್ದ ದಿನ.

ಪರೀಕ್ಷೆಯ ನಮೂನೆಯನ್ನು ಅವಳೇ ತುಂಬಿದಳು. ಹೆಸರು, ವಯಸ್ಸು. 'ಕೆಲಸದ ಸ್ಥಳ' ಎಂಬಲ್ಲಿ ಗೋದಾಮಿನ ಪೂರ್ತಿ ವಿಳಾಸ ಬರೆದು, 'ನೆಲದಲ್ಲಿ ನೀರು, ಬರಿಗಾಲು' ಎಂದು ಸೇರಿಸಿದಳು. ಪೆನ್ನು ಒತ್ತಿದ ರಭಸಕ್ಕೆ ಕಾಗದ ಹರಿಯಿತು. ಇನ್ನೊಂದು ತೆಗೆದುಕೊಂಡು ಮತ್ತೆ ಎಲ್ಲವನ್ನೂ ಬರೆದಳು.

"ಅಕ್ಕ, ಸೂಜಿ ಚುಚ್ಚೋಕೆ ಮುಂಚೆ ಇಷ್ಟೊಂದು ಬರೀಬೇಕಾ? ನಾನೇನು ಓಡಿಹೋಗ್ತೀನಾ?"

"ಸುಮ್ನಿರು. ನಿನಗೊಬ್ಬನಿಗಾದ್ರೂ ಸರಿಯಾಗಿ ಗುರುತು ಹಾಕ್ತೀನಿ."

ಮೊದಲು ಟ್ಯೂಬಿನ ಮೇಲೆ ಅವನ ಹೆಸರು ಬರೆದು, ಅವನಿಂದಲೇ ಓದಿಸಿ, ಹೌದೆನ್ನಿಸಿಕೊಂಡಳು. ಆಮೇಲೆ ತೋಳಿಗೆ ಪಟ್ಟಿ ಬಿಗಿದಳು.