ಶೀನಪ್ಪಣ್ಣನ ಇನ್ನೊಬ್ಬ ತಂಗಿ

ನಾನು ಹೆತ್ತ ಮಗನಿಗೆ ನಾನು ಚಿಕ್ಕಮ್ಮನಂತೆ. ಈ ದೊಡ್ಡ ಸಂಶೋಧನೆಗೆ ಕಾರಣ ನನ್ನ ಅಣ್ಣ ಶೀನಪ್ಪ ಶೆಟ್ಟಿ, ಮಣ್ಣಗುಡ್ಡದಲ್ಲಿ ಹೋಟೆಲ್ ಇಟ್ಟವರು, ನಮ್ಮ ಕುಟುಂಬದ ಯಜಮಾನರು.

ಅಣ್ಣನಿಗೆ ಮೈಕ್ ಸಿಕ್ಕಿದರೆ ಸಾಕು, ಅಳಿಯಸಂತಾನದ ಭಾಷಣ. ನಮ್ಮಲ್ಲಿ ಬರಿ, ಅಂದರೆ ಕುಲ, ಬರುವುದು ತಾಯಿಯಿಂದ. ಯಜಮಾನಿಕೆ ಮಗನಿಗಲ್ಲ, ತಂಗಿಯ ಮಗನಿಗೆ. ಹೆಣ್ಣಿಗೆ ಎಂತಹ ಗೌರವ ನೋಡಿ. ಶಾಲು ಹೊದೆಸಿಕೊಂಡು ಮನೆಗೆ ಬಂದ ಮೇಲೆ ಮಾತ್ರ ಅವರ ಮಗ ರೋಷನ್ನೇ ಯಜಮಾನ ಆಗಬೇಕು. ಅಡ್ಡ ಇದ್ದದ್ದು ನನ್ನ ಮಗ ಕೌಶಲ್.

ಕುಲದ ಶುದ್ಧಿ ಲೋಕಕ್ಕೇ ತೋರಿಸುವ ಅಂತ ಅಣ್ಣ ನಮ್ಮೆಲ್ಲರ ಬಾಯಿಗೂ ಹತ್ತಿಕಡ್ಡಿ ಹಾಕಿಸಿದರು. ಡಿಎನ್‌ಎ ಪರೀಕ್ಷೆಯಂತೆ. ರಿಪೋರ್ಟ್ ಬಂತು: ರೋಷನ್ ಅಣ್ಣನ ಮಗ ಹೌದು, ಕೌಶಲ್ ಗುಲಾಬಿಯ, ಅಂದರೆ ನನ್ನ, ಮಗ ಅಲ್ಲ.

"ಆಸ್ಪತ್ರೆಯಲ್ಲಿ ಮಗು ಬದಲಾಗಿರಬೇಕು ಗುಲಾಬಿ," ಅಂದರು ಅಣ್ಣ, ಸಾವಿನ ಮನೆಗೆ ಬಂದವರ ಮುಖ ಮಾಡಿಕೊಂಡು. "ಎಂತ ಮಾಡುವುದು? ಬರಿ ಗೊತ್ತಿಲ್ಲದವನನ್ನು ಯಜಮಾನ ಮಾಡ್ಲಿಕ್ಕೆ ಆಗ್ತದಾ?"

ಕೌಶಲ್‌ನ ಮೂಗು ನನ್ನದು, ಸಿಟ್ಟು ನನ್ನದು, ಬಂಗುಡೆ ಮೀನಿನ ತಲೆ ಚೀಪುವ ಚಾಳಿಯೂ ನನ್ನದೇ. ಆದರೂ ಆವತ್ತಿನಿಂದ ಅವನು ಅಮ್ಮ ಅನ್ನುವ ಮೊದಲು ಒಂದು ಗಳಿಗೆ ತಡೆಯುತ್ತಿದ್ದ. ಅದನ್ನು ನನಗೆ ಸಹಿಸಲಿಕ್ಕೆ ಆಗಲಿಲ್ಲ.

ಅವನನ್ನು ಎಳೆದುಕೊಂಡು ವಂಶವಾಹಿಗಳ ಡಾಕ್ಟರ್ ಮರ್ವಾ ಹತ್ತಿರ ಹೋದೆ. "ಈ ರಿಪೋರ್ಟಿನ ಪ್ರಕಾರ ಇವನು ನಿಮ್ಮ ಅಕ್ಕನದ್ದೋ ತಂಗಿಯದ್ದೋ ಮಗ," ಅಂದರು.

"ನನಗೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ ಡಾಕ್ಟ್ರೇ."

ಹಿಂದೆ ನನ್ನ ಗರ್ಭಕೋಶ ತೆಗೆದಾಗ ಲ್ಯಾಬಿನಲ್ಲಿ ಉಳಿಸಿದ್ದ ತುಂಡನ್ನು ತರಿಸಿ ಪರೀಕ್ಷೆ ಮಾಡಿದರು. ಅದಕ್ಕೂ ಕೌಶಲ್‌ಗೂ ಸರಿಯಾಗಿ ತಾಯಿ ಮಗನ ಸಂಬಂಧ.

"ನಿಮ್ಮ ಅಮ್ಮನ ಹೊಟ್ಟೆಯಲ್ಲಿ ಅವಳಿ ಇದ್ದವು," ಅಂದರು ಮರ್ವಾ. "ತೀರಾ ಸುರುವಿಗೇ ಎರಡೂ ಕೂಡಿ ಒಂದೇ ದೇಹ ಆದವು. ಕೆನ್ನೆಯ ಜೀವಕೋಶ ಒಬ್ಬಳದ್ದು, ಗರ್ಭದ್ದು ಇನ್ನೊಬ್ಬಳದ್ದು. ಇಬ್ಬರೂ ನೀವೇ."

ಬೋಳಾರದ ಕುಟುಂಬದ ಮನೆಯಲ್ಲಿ ಎಲ್ಲರ ಎದುರು ಇದನ್ನು ಹೇಳಿದೆ. ಅಣ್ಣ ಬಿಡುವ ಜನ ಅಲ್ಲ. "ಹಾಗಾದರೂ ಅವನು ನಿನ್ನ ಮಗ ಅಲ್ಲ, ಆ ಹುಟ್ಟದವಳ ಮಗ."

"ಆಯ್ತು ಮಾರಾಯ್ರೆ. ಆ ಹುಟ್ಟದವಳು ಇದ್ದದ್ದು ನಮ್ಮ ಅಮ್ಮನ ಹೊಟ್ಟೆಯಲ್ಲೇ ಅಲ್ವಾ? ಈ ತಂಗಿಯ ಮಗ ಅಲ್ಲ ಅಂದರೆ ಆ ತಂಗಿಯ ಮಗ. ಹೇಗೆ ಮಗುಚಿ ಹಾಕಿದರೂ ನಿಮ್ಮ ಅಳಿಯನೇ."

ಅಣ್ಣ ರೋಷನ್‌ನ ರಿಪೋರ್ಟ್ ಎತ್ತಿ ಹಿಡಿದರು. ಇದರಲ್ಲಿ ಒಂದು ಚೂರು ಸಂಶಯ ಇಲ್ಲ ಅಂದರು.

"ಇಲ್ಲ ಅಣ್ಣ, ಅವನು ನಿಮ್ಮದೇ ಮಗ. ಅದಕ್ಕೇ ಅವನಿಗೆ ಯಜಮಾನಿಕೆ ಆಗುವುದಿಲ್ಲ. ಭಾಷಣದಲ್ಲಿ ನೀವೇ ಹೇಳುವುದಲ್ವಾ?"

ಮೊದಲು ನಕ್ಕದ್ದು ರೋಷನ್.

ಆಟಿ ತಿಂಗಳಲ್ಲಿ ಗತಿಸಿದವರಿಗೆ ಎಲೆ ಹಾಕಿ ಬಡಿಸುವಾಗ ಕೌಶಲ್ ಒಂದು ಎಲೆ ಹೆಚ್ಚು ಹಾಕಿದ, ಆ ತಂಗಿಗೆ. ಬಡಿಸಬೇಕಾದ್ದು ಯಜಮಾನರು. ಅಣ್ಣ ಹಲ್ಲು ಕಚ್ಚಿಕೊಂಡು ಬಗ್ಗಿ ಬಡಿಸಿದರು.

"ಅಮ್ಮಾ, ಅದು ನಿನ್ನದೇ ಎಲೆ. ಕೂತ್ಕೋ," ಅಂದ ಕೌಶಲ್, ಒಂಚೂರೂ ತಡೆಯದೆ.

"ಸತ್ತವರ ಎಲೆಗೆ ಕೂರುವುದುಂಟಾ?" ಅಂದರು ಅಣ್ಣ.

"ಅವಳು ಸತ್ತದ್ದು ಯಾವಾಗ ಅಣ್ಣ?" ಅಂತ ಕೇಳಿ ನಾನು ಕೂತೆ. ಕೋಳಿ ಸುಕ್ಕ ಇನ್ನೂ ಸ್ವಲ್ಪ ಬಡಿಸಿ ಅಂದೆ.