ಎಡಗೈ ಕತ್ತರಿ

ಐದು ವರ್ಷದ ಹಿಂದೆ ಕೋರ್ಟಿನ ಇದೇ ಅಮೀನ ಇದೇ ಬಾಗಿಲಲ್ಲಿ ನಿಂತು ತಂಗಿಯನ್ನು ಹೊರಗೆ ಕಳಿಸಿದ್ದ. ಅಪ್ಪನ ಹೊಲಿಗೆ ಅಂಗಡಿ ಅಕ್ಕನಿಗೆ ಸೇರಬೇಕೆಂದು ಆಗ ಡಿಕ್ರಿಯಾಗಿತ್ತು. ಈಗ ಅಪೀಲಿನಲ್ಲಿ ಅದು ರದ್ದಾಗಿ, ಸಾಮಾನು ಸಮೇತ ಅಂಗಡಿಯನ್ನು ಮೊದಲಿದ್ದಂತೆ ತಂಗಿಗೆ ಬಿಟ್ಟುಕೊಡಬೇಕೆಂದು ಆದೇಶವಾಗಿದೆ. ಅಮೀನನಿಗೆ ಎರಡೂ ಒಂದೇ. ಅಂದು ಅವಳನ್ನು ಕಳಿಸುವಾಗ ಬೆವರು ಒರೆಸಿಕೊಂಡಿದ್ದ, ಇಂದು ಕರೆತಂದಾಗಲೂ ಒರೆಸಿಕೊಂಡ.

ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದು ಹೊಟ್ಟೆ ಹೊರೆದ ಆ ಐದು ವರ್ಷ ತಂಗಿ ಒಂದು ಮಾತನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದಳು: 'ಎದ್ದೇಳು, ಇದು ನನ್ನ ಜಾಗ.' ಅಂದು ಅಕ್ಕ ಅವಳಿಗೆ ಹೇಳಿದ್ದೂ ಅದೇ. ಆದರೆ ಅಕ್ಕ ಆಗಲೇ ಎದ್ದು ನಿಂತಿದ್ದಳು. ಮಾತು ಬಾಯಲ್ಲೇ ಉಳಿಯಿತು. ಸಂತೋಷವಾದರೂ ಬಂದೀತೆಂದು ಕಾದಳು; ಅದರ ಸುಳಿವೂ ಇಲ್ಲ. ಜೋಮು ಹಿಡಿದ ಕಾಲಿನ ಹಾಗಿತ್ತು ಮನಸ್ಸು.

ಅಮೀನ ಪಟ್ಟಿ ಓದಿದ. "ಹೊಲಿಗೆ ಮಿಷನ್ ಎರಡು." ಇದ್ದವು. "ಮೇಜು ಒಂದು." ಇತ್ತು. "ಟೇಪು." ಅಕ್ಕ ಕೊರಳಿಂದ ತೆಗೆದಿಟ್ಟಳು. "ಕತ್ತರಿ ಒಂದು." ಅದನ್ನೂ ಇಟ್ಟಳು.

"ಸರಿಯಾಗಿ ನೋಡ್ಕೊಳ್ಳಮ್ಮ, ಆಮೇಲೆ ತಕರಾರು ತೆಗೀಬೇಡ."

ತಂಗಿ ಮೇಜಿನ ಮುಂದೆ ನಿಂತಳು. ಯಾರೋ ಮೇಜನ್ನು ತಿರುಗಿಸಿದ್ದರು. ಕಿಟಕಿಯ ಬೆಳಕು ತಪ್ಪು ಕಡೆಯಿಂದ ಬೀಳುತ್ತಿತ್ತು. ಸೀಮೆಸುಣ್ಣಕ್ಕೆ ಬಲಗೈ ಚಾಚಿದರೆ ಬರೀ ಗೋಡೆ. ಒಂದು ತುಂಡು ಬಟ್ಟೆಗೆ ಕತ್ತರಿ ಹಾಕಿದಳು. ಬಟ್ಟೆ ಅಲಗುಗಳ ನಡುವೆ ಮಡಚಿಕೊಂಡು ಕೂತಿತು. ಹೆಬ್ಬೆರಳು ನೊಂದಿತು.

"ಮೊಂಡಾಗಿದೆ," ಎಂದಳು.

"ಮೊಂಡಲ್ಲ ಕಣೇ." ಅಕ್ಕ ಕತ್ತರಿಯನ್ನು ಎಡಗೈಯಲ್ಲಿ ಎತ್ತಿಕೊಂಡಳು. ಬಟ್ಟೆ ಸರ್ರನೆ ಎರಡಾಯಿತು. "ಎಡಗೈದು. ಹೇಳಿ ಮಾಡಿಸಿದ್ದು."

ಮನೆಯಲ್ಲಿ ಅಕ್ಕನನ್ನು ಎಡಚಿ ಎಂದೇ ಕರೆಯುತ್ತಿದ್ದರು. ಅಪ್ಪನ ಕತ್ತರಿಯಲ್ಲಿ ಅವಳು ಕತ್ತರಿಸಿದ ಬಟ್ಟೆಯೆಲ್ಲ ಇಲಿ ಕಡಿದಂತಿರುತ್ತಿತ್ತು. ತಂಗಿ ಬಿದ್ದು ಬಿದ್ದು ನಗುತ್ತಿದ್ದಳು. ಈ ಎಡಚಿಯ ಕೈಗೆ ಕೊಟ್ಟರೆ ಮುಗೀತು ಕಥೆ ಎಂದು ಅಪ್ಪ ಅಂಗಡಿಯನ್ನು ತಂಗಿಯ ಹೆಸರಿಗೆ ಉಯಿಲು ಬರೆದಿದ್ದ. ಇಷ್ಟೆಲ್ಲ ಕೋರ್ಟು ಕಚೇರಿ ಅಲೆದದ್ದು ಅದರ ಮೇಲೇ. ಅಪ್ಪನ ಕಾಲದ ಇಪ್ಪತ್ತು ವರ್ಷ ಅಕ್ಕ ಇಲ್ಲಿ ಅವನ ಕತ್ತರಿಯಲ್ಲಿ ಹೀಗೇ ಹೆಬ್ಬೆರಳು ನೋಯಿಸಿಕೊಂಡು ದುಡಿದಿದ್ದಳು. ಅದು ತಂಗಿಗೆ ಗೊತ್ತಾಗಲು ಅರ್ಧ ನಿಮಿಷ ಸಾಕಾಯಿತು. ಗೊತ್ತಾದರೂ ಅಳು ಬರಲಿಲ್ಲ.

"ಅಪ್ಪನ ಕತ್ತರಿ?"

"ಕೆಳಗಿನ ಡ್ರಾಯರಲ್ಲಿದೆ. ಸಾಣೆ ಹಿಡಿಸಿ ಎಣ್ಣೆ ಹಚ್ಚಿಟ್ಟಿದ್ದೀನಿ. ಅಪೀಲು ಹಾಕಿದ್ದೆಯಲ್ಲ, ಬೇಕಾಗಬಹುದು ಅಂತ."

"ಪಟ್ಟಿಯಲ್ಲಿರೋದು ಒಂದೇ," ಎಂದ ಅಮೀನ. "ಇನ್ನೊಂದನ್ನ ನೀವು ತಗೊಂಡು ಹೋಗಿ."

ತಂಗಿ ಎಡಗೈ ಕತ್ತರಿಯನ್ನು ಅಕ್ಕನ ಕಡೆ ಸರಿಸಿದಳು. ಅಕ್ಕ ಮುಟ್ಟಲಿಲ್ಲ.

"ಯಾವ ಮೇಜಿನ ಮೇಲೆ ಕತ್ತರಿಸಲಿ?" ಎಂದಳು. ಅವಳ ದನಿಯಲ್ಲಿ ಕೋಪವೇನೂ ಇರಲಿಲ್ಲ. "ಇರಲಿ ಬಿಡು. ಈ ಮೇಜಿನ ಆ ತುದಿ ಹಿಡ್ಕೋ, ಒಬ್ಬಳ ಕೈಲಿ ಆಗಲ್ಲ."

"ಇದು ಹೀಗೇ ಇರಲಿ ಅಕ್ಕ."

"ಹೀಗಿದ್ರೆ ನೀನು ಕೆಲಸ ಮಾಡೋದು ಹೇಗೆ? ಹಿಡ್ಕೋ."

ಇಬ್ಬರೂ ಮೇಜನ್ನು ಎತ್ತಿ ತಿರುಗಿಸಿದರು. ಬೆಳಕು ತಂಗಿಗೆ ಬೇಕಾದ ಕಡೆಯಿಂದ ಬಿತ್ತು. ಅಕ್ಕ ಸೀಮೆಸುಣ್ಣದ ಡಬ್ಬಿಯನ್ನು ಎಡದಿಂದ ತೆಗೆದು ಬಲಕ್ಕಿಟ್ಟು, ಬರಿಗೈಯಲ್ಲಿ ಮೆಟ್ಟಿಲಿಳಿದು ಹೋದಳು.

"ಎಲ್ಲ ಮೊದಲಿದ್ದಂತೆ ಮುಟ್ಟಿದೆ ಅಂತ ಬರೆದು ಸಹಿ ಮಾಡಮ್ಮ," ಎಂದ ಅಮೀನ.

ತಂಗಿ ಬರೆದಳು.