ಮಾವ ಎತ್ತಿಟ್ಟ ಮಾತು

ನಮ್ಮೂರು ಗನ್ನರ್ ಕೋವಿನಲ್ಲಿ ಮೀನೆಂದರೆ ಕಾಡ್ ಎಂಬ ಒಂದೇ ಜಾತಿ. ಕಡಲಲ್ಲಿ ಸಿಗುವ ಬೇರೆಲ್ಲದಕ್ಕೂ ಅದರದರ ಹೆಸರಿದೆ. ಏಡಿಗೆ ಏಡಿ ಅನ್ನುತ್ತೇವೆ, ಸಿಗಡಿಗೆ ಸಿಗಡಿ. ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಕೂಸಿಗೂ ಗೊತ್ತಿರುವ ಈ ಸಂಗತಿ ಜೆಟ್ಟಿಗಳ ಲೆಕ್ಕಕ್ಕೆ ಎಲ್ಲಿಂದಲೋ ಬಂದ ಸರ್ಕಾರಿ ಸರ್ವೆಯವನಿಗೆ ಮಾತ್ರ ಗೊತ್ತಿರಲಿಲ್ಲ.

ನಾನು ಏಡಿ ಹಿಡಿಯಲು ದೋಣಿ ತೆಗೆದುಕೊಂಡು ಹೋಗಿದ್ದೆ. ಖಾಲಿ ಜೆಟ್ಟಿಯ ಮೇಲೆ ನನ್ನ ಗಂಡನ ಅಪ್ಪ, ಮಾವ ಗಿಡಿಯನ್ ಪೆಲ್ಲಿ ಒಬ್ಬರೇ ಕೂತಿದ್ದರು. ಆ ಮಹಾನುಭಾವ ಅವರನ್ನೇ ಕೇಳಿದನಂತೆ, "ಇಲ್ಲಿ ಮೀನು ಸಿಗುತ್ತಾ ಅಜ್ಜಾ?"

"ಎಲ್ಲಿಯ ಮೀನು ಮಾರಾಯಾ! ಮೂವತ್ತು ವರ್ಷ ಆಯ್ತು, ಬರೀ ನೀರು."

ಅವನು ಹಾಗೇ ಬರೆದುಕೊಂಡು ಹೋದ. ಚಳಿಗಾಲಕ್ಕೆ ಮೊದಲೇ ಆದೇಶ ಬಂತು. ಮೀನುಗಾರಿಕೆ ಇಲ್ಲದ ಊರಿಗೆ ಜೆಟ್ಟಿಯ ರಿಪೇರಿ ಇಲ್ಲ, ಸಾಮಾನು ತರುವ ಹಡಗೂ ಬರುವುದಿಲ್ಲ. ಜೆಟ್ಟಿ ಕುಸಿದರೆ ನಾನು ಏಡಿ ಇಳಿಸುವುದು ಎಲ್ಲಿ, ನಮ್ಮ ತಲೆಯ ಮೇಲೆಯೇ? ಮೂವತ್ತು ವರ್ಷದ ಹಿಂದೆ ಕಾಡ್ ಮುಗಿದುಹೋಯಿತೆಂದು ಸರ್ಕಾರ ಬಲೆ ಎತ್ತಿಸಿದಾಗ ಊರಿನ ಅರ್ಧ ಜನ ಗಂಟುಮೂಟೆ ಕಟ್ಟಿದರು. ಆಮೇಲೆ ಶಾಲೆ ಮುಚ್ಚಿತು. ಆಲ್ಬರ್ಟಾದ ಎಣ್ಣೆಬಾವಿಗೆ ದುಡಿಯಲು ಹೋದ ನನ್ನ ಗಂಡ ಅಲ್ಲೇ ಇನ್ನೊಂದು ಸಂಸಾರ ಹೂಡಿದ. ನನಗೆ ಉಳಿದದ್ದು ಈ ಮಾವ ಮತ್ತು ಏಡಿ ದೋಣಿ.

"ಏನು ಮಾಡಿಟ್ರಿ ನೋಡಿ ಮಾವ! ಏಡಿ ಇದೆ ಅನ್ನೋಕೆ ನಾಲಿಗೆ ಬಿದ್ದುಹೋಗಿತ್ತಾ?"

"ಅವನು ಏಡಿ ಕೇಳ್ಲೇ ಇಲ್ಲ ಕಣಮ್ಮಾ. ಮೀನು ಕೇಳ್ದ. ಇಲ್ಲದ್ದನ್ನ ಇದೆ ಅನ್ಲಾ?"

"ಅನ್ನಿ! ನಿಮ್ಮ ಗಂಟೇನು ಹೋಗುತ್ತೆ?"

ಮಾವ ಟೀ ಲೋಟ ಕೆಳಗಿಟ್ಟರು. "'ಮೀನಿದೆ' ಅನ್ನೋ ಮಾತು ಎತ್ತಿಟ್ಟಿದೀನಿ. ಮೀನು ವಾಪಸ್ ಬಂದ ದಿನ ಹೇಳೋಕೆ."

"ಅದು ಬರೋ ಹೊತ್ತಿಗೆ ಕೇಳೋಕೆ ಊರೇ ಇರಲ್ಲ," ಎಂದೆ. ಸಿಟ್ಟಿನಲ್ಲಿ ಆಡಿದ ಮಾತಾದರೂ ಸುಳ್ಳಾಗಿರಲಿಲ್ಲ.

ನಾವೆಲ್ಲ ಸೇರಿ ತಕರಾರು ಸಲ್ಲಿಸಿದ ಮೇಲೆ ವಿಚಾರಣೆಗೆ ಒಬ್ಬ ಅಧಿಕಾರಿಣಿ ಬಂದಳು. ಚರ್ಚಿನ ಹಾಲಿನಲ್ಲಿ ಊರೆಲ್ಲ ಸೇರಿತ್ತು. ನಾನು ಏಡಿಯ ಕಥೆ ಶುರುಮಾಡುತ್ತಿದ್ದಂತೆ ಆಕೆ ಕೈ ಎತ್ತಿದಳು.

"ನೀವು ಹೇಳೋದು ಸರಿ ಇರಬಹುದಮ್ಮಾ. ಆದ್ರೆ ಹೇಳಿಕೆ ಇವರದ್ದು, ತಿದ್ದೋದಾದ್ರೆ ಇವರೇ ತಿದ್ದಬೇಕು. ಅಜ್ಜಾ, ಗನ್ನರ್ ಕೋವಿನಲ್ಲಿ ಮೀನಿದೆಯಾ?"

ಮಾವ ಎದ್ದು ನಿಂತು ಟೋಪಿ ತೆಗೆದರು. ಅವರ ವಾರಗೆಯವರೆಲ್ಲ ನೆಲ ನೋಡುತ್ತಿದ್ದರು. ಇವರು ಇಲ್ಲ ಅಂದೇಬಿಡುತ್ತಾರೆ ಎಂದುಕೊಂಡೆ. ಉಪ್ಪುನೀರಿಗೆ ಬಿರಿದ ನನ್ನ ಕೈಗಳ ಮೇಲೆ ಅವರ ಕಣ್ಣು ಸ್ವಲ್ಪ ಹೊತ್ತು ನಿಂತಿತು.

"ಇದೆ ಮೇಡಂ," ಎಂದರು. "ಮೀನಿದೆ."

ಎಲ್ಲದಕ್ಕೂ ಗೇಲಿ ಮಾಡುವ ನಮ್ಮೂರಿನಲ್ಲಿ ಅವತ್ತು ಯಾರೂ ನಗಲಿಲ್ಲ. ಅಧಿಕಾರಿಣಿ ಅದನ್ನು ಬರೆದುಕೊಂಡು, ಜೆಟ್ಟಿ ಉಳಿಯುತ್ತದೆ, ಹಡಗೂ ಬರುತ್ತದೆ ಎಂದಳು. ಹೆಂಗಸರು ಬಂದು ನನ್ನನ್ನು ಅಪ್ಪಿಕೊಂಡರು. ಮಾವನ ಹತ್ತಿರ ಹೋಗಲು ಮಾತ್ರ ಯಾರಿಗೂ ಧೈರ್ಯವಾಗಲಿಲ್ಲ.

ಹೊರಗೆ ಗಾಳಿ ಬೀಸುತ್ತಿತ್ತು. ಮೆಟ್ಟಿಲಿಳಿಯುವಾಗ ಮಾವ ನನ್ನ ತೋಳು ಹಿಡಿದುಕೊಂಡರು.

"ನಿಂಗೋಸ್ಕರ ಹೇಳ್ದೆ ಕಣಮ್ಮಾ," ಎಂದರು. "ಇನ್ನು ಮೀನು ನಿಜವಾಗ್ಲೂ ವಾಪಸ್ ಬಂದ್ರೆ ಏನಂತ ಹೇಳ್ಲಿ?"